ಉಸ್ಸಪ್ಪಾ

ಆಸ್ಪತ್ರೆಯಲ್ಲಿ ಅಪ್ಪನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ರಾತ್ರಿ ಒಂದೂವರೆ. ಕೈಗೆ ಕೊಟ್ಟ ಫಾರಂನಲ್ಲಿ ಅಪ್ಪನ ವಯಸ್ಸು ಬರೆಯಬೇಕಿತ್ತು, ನೆನಪಿಗೇ ಬರಲೊಲ್ಲದು. ಎದೆ ಢವಢವ, ಬೆರಳ ತುದಿಯಲ್ಲಿ ಜೋಮು, ಎಷ್ಟು ಉಸಿರೆಳೆದರೂ ಸಾಲದು. ಫೋನಿನಲ್ಲಿ ಅಣ್ಣ “ಧೈರ್ಯ ತಂದ್ಕೋ” ಅನ್ನುತ್ತಲೇ ಇದ್ದ. ಎಲ್ಲಿಂದ ತರಲಿ?

ಕಾರಿಡಾರಿನಲ್ಲಿ ಚಾಪೆ ಹಾಸಿ ಕೂತಿದ್ದ ಅಜ್ಜಿಯೊಬ್ಬರು ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಬಾ ಮಗಾ, ಕೂತ್ಕೋ. ಉಸ್ಸಪ್ಪಾ ಅನ್ನು.” ಅಂದೆ. “ಹಂಗಲ್ಲ, ಉದ್ದಕ್ಕೆ.” ನನ್ನ ಜೊತೆ ಅವರೂ ಅಂದರು. ಏಳೆಂಟು ಸಲವಾದರೂ ಆಗಿರಬೇಕು. ಫಾರಂ ಎತ್ತಿಕೊಂಡು 68 ಎಂದು ಬರೆದೆ.

ಹೊಲದಿಂದ ಬಂದು ಜಗಲಿಗೆ ಒರಗುವವರು, ನೂಕುನುಗ್ಗಲಿನ ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕವರು ತಾವಾಗಿಯೇ ಆಡುವ ಮಾತು ಈ ‘ಉಸ್ಸಪ್ಪಾ’. ಅದರೊಳಗಿನ ‘ಸ್ಸ್’ ಹಲ್ಲಿನ ಸಂದಿಯಿಂದ ಗಾಳಿಯನ್ನು ಮೆಲ್ಲಗೆ ಸೋರಗೊಡುತ್ತದೆ. ಗಾಬರಿಯಾದವರು ಮಾಡುವುದು ಇದರ ತಿರುಗುಮುರುಗು: ಗಾಳಿ ಸಾಲದೆಂದು ಎಳೆದುಕೊಳ್ಳುತ್ತಲೇ ಇರುತ್ತಾರೆ. ರಕ್ತದ ಇಂಗಾಲದ ಡೈಆಕ್ಸೈಡ್ ವಿಪರೀತ ಇಳಿದು ಜೋಮು, ತಲೆಸುತ್ತು ಶುರು. ಅದಕ್ಕೆ ಹೆದರಿ ಇನ್ನಷ್ಟು ಎಳೆತ. ಉಸಿರು ಒಳಗೆಳೆದಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ತಗ್ಗುತ್ತದೆ. ಬಿಡುವುದನ್ನು ಉದ್ದ ಮಾಡಿದಷ್ಟೂ ವೇಗಸ್ ಎಂಬ ನರಕ್ಕೆ ಹೃದಯದ ಲಗಾಮು ಎಳೆಯಲು ಪುರುಸೊತ್ತು ಸಿಗುತ್ತದೆ. ಬುದ್ಧಿಮಾತಿಗೆ ಬಗ್ಗದ ಎದೆ ಉಸಿರಿನ ಮಾತು ಕೇಳುತ್ತದೆ. (ಎದೆನೋವು ಬಂದವರು ಮಾತ್ರ ಇದು ಬರೀ ಗಾಬರಿಯೆಂದು ಮನೆಯಲ್ಲಿ ಕೂರಬೇಡಿ, ದಯವಿಟ್ಟು ಡಾಕ್ಟರ ಬಳಿ ಹೋಗಿ.)

ಈ ನರದ ಬಗ್ಗೆ ಓದುವಾಗ ಸಿಕ್ಕ ಪ್ರಯೋಗವೊಂದು ನನ್ನನ್ನು ಬಿಟ್ಟೇ ಇಲ್ಲ. ಒಟ್ಟೋ ಲೋವಿ ಎಂಬ ವಿಜ್ಞಾನಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಕಪ್ಪೆಯ ಹೃದಯವೊಂದನ್ನು ದ್ರವದಲ್ಲಿಟ್ಟು, ಅದರ ವೇಗಸ್ ನರವನ್ನು ಪ್ರಚೋದಿಸಿದರು. ಬಡಿತ ನಿಧಾನವಾಯಿತು. ಆ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಸೋಕಿಸಿದರು. ಅದನ್ನು ಯಾವ ನರವೂ ಮುಟ್ಟಿರಲಿಲ್ಲ. ಆದರೂ ಅದರ ಬಡಿತ ತಗ್ಗಿತು. ನರದ ಮಾತನ್ನು ಹೃದಯಕ್ಕೆ ಮುಟ್ಟಿಸುವುದು ಒಂದು ರಾಸಾಯನಿಕ ಎಂದು 1921ರಲ್ಲಿ ಅವರು ಪ್ರಕಟಿಸಿದರು; 1936ರಲ್ಲಿ ನೊಬೆಲ್ ಬಂತು. ನನಗೆ ಕಂಡದ್ದು ಮಾತ್ರ ಆ ಎರಡನೆಯ ಹೃದಯ. ಆ ರಾತ್ರಿ ಚಾಪೆಯ ಮೇಲೆ ನಾನಿದ್ದದ್ದು ಹಾಗೆಯೇ.

ಬೆಳಗ್ಗೆ ಅಪ್ಪ ಕಣ್ಣುಬಿಟ್ಟು ಕಾಫಿ ಕೇಳಿದರು. ಅಜ್ಜಿಗೆ ಹೇಳೋಣವೆಂದು ಓಡಿಬಂದೆ. ಚಾಪೆ ಇರಲಿಲ್ಲ; ಆಗಷ್ಟೇ ಒರೆಸಿದ ನೆಲ ಇನ್ನೂ ಒದ್ದೆಯಿತ್ತು. ಅವರು ಅಲ್ಲಿ ಯಾರಿಗಾಗಿ ಕಾಯುತ್ತಿದ್ದರೆಂದು ನಾನು ಕೇಳಿಯೇ ಇರಲಿಲ್ಲ.