ಸೋಯಾ ಭೂಶಿರದಿಂದ ಅಕ್ಕನಿಗೆ

ವಕ್ಕನಾಯ್, ಜಪಾನ್

ಪ್ರೀತಿಯ ಅಕ್ಕನಿಗೆ,

ಜಪಾನಿನ ಉತ್ತರದ ತುದಿಗೆ ಬಂದಿದ್ದೇನೆ. ಸೋಯಾ ಭೂಶಿರದಿಂದ ಜಲಸಂಧಿಯಾಚೆ 43 ಕಿಲೋಮೀಟರ್‌ಗೆ ರಷ್ಯಾದ ಸಖಾಲಿನ್ ದ್ವೀಪ. ಇವತ್ತು ಮಂಜು ಕವಿದು ಏನೂ ಕಾಣಲಿಲ್ಲ. 1643ರಲ್ಲಿ ಡಚ್ ನಾವಿಕ ಫ್ರೀಸ್ ಬಂದಾಗಲೂ ಹೀಗೇ ಇತ್ತಂತೆ. ಈ ಜಲಸಂಧಿಯೇ ಕಣ್ಣಿಗೆ ಬೀಳದೆ, ನಾನೀಗ ನಿಂತಿರುವ ಹೊಕ್ಕೈಡೊ ಮತ್ತು ಸಖಾಲಿನ್ ಒಂದೇ ನೆಲವೆಂದು ತಿಳಿದ. ಮಂಜು ಸರಿಯಲೆಂದು ಕಾದು ಕಾದು ಸಖಾಲಿನ್‌ನ ಒಂದು ಭೂಶಿರಕ್ಕೆ ‘ತಾಳ್ಮೆ’ ಎಂದೇ ಹೆಸರಿಟ್ಟ.

ನನ್ನ ಮನಸ್ಸನ್ನು ಹಿಡಿದದ್ದು ಫ್ರಾನ್ಸಿನ ನಾವಿಕ ಲಾ ಪೆರೂಸ್‌ನ ಕತೆ. 1787ರ ಜುಲೈನಲ್ಲಿ ಅವನು ಸಖಾಲಿನ್‌ನ ಪಶ್ಚಿಮ ದಡದಲ್ಲಿ ಇಳಿದ. ಅಲ್ಲಿನ ಮುದುಕನೊಬ್ಬ ಈಟಿಯ ತುದಿಯಿಂದ ನೆಲದ ಮೇಲೆ ಒಂದು ಕಡೆ ಭೂಖಂಡದ ದಡ, ಇನ್ನೊಂದು ಕಡೆ ತನ್ನ ದ್ವೀಪ, ನಡುವೆ ನೀರಿನ ದಾರಿ ಎಳೆದು ತೋರಿಸಿದ. ಯುವಕನೊಬ್ಬ ಕಾಗದ ತೆಗೆದುಕೊಂಡು ಅದನ್ನೇ ಬರೆದ. ಅಮೂರ್ ನದಿಯ ಮುಖಕ್ಕೆ ದೋಣಿಯಲ್ಲಿ ಎಷ್ಟು ದಿನದ ಹಾದಿ ಎಂಬುದನ್ನೂ ಗೆರೆ ಹಾಕಿ ಗುರುತಿಸಿದ. ಲಾ ಪೆರೂಸ್ ಅವರ ಬುದ್ಧಿಯನ್ನು ಮೆಚ್ಚಿದ, ಉತ್ತರಕ್ಕೆ ಹೊರಟೂಬಿಟ್ಟ. ಆದರೆ ಆಳ ಅಳೆದಂತೆಲ್ಲ ತಳ ಮೇಲೆ ಬರುತ್ತಿತ್ತು, ನೀರಿನಲ್ಲಿ ಸೆಳೆತವಿರಲಿಲ್ಲ. ದೊಡ್ಡ ಹಡಗುಗಳನ್ನು ಮರಳಿಗೆ ಸಿಕ್ಕಿಸಲಾಗದೆ ಹಿಂತಿರುಗಿದ. ನಾನು ಅವನನ್ನು ದೂರಲಾರೆ. ತೆರಳುವ ಮುನ್ನ ದ್ವೀಪದ ದಕ್ಷಿಣದ ತುದಿಗೆ ತನ್ನ ನಾಡಿನ ಸೇನಾನಿಯ ನೆನಪಿಗೆ ಕ್ರಿಲೋನ್ ಎಂದು ಹೆಸರಿಟ್ಟ, ಅದು ಇವತ್ತಿಗೂ ನಕ್ಷೆಯಲ್ಲಿದೆ. ನನ್ನ ಮುಂದಿರುವ ಸೋಯಾ ಭೂಶಿರದ ಈ ಜಲಸಂಧಿಗೆ ಅವನದೇ ಹೆಸರು.

ಅವನ ನಂತರ ನಾವಿಕರಾದ ಬ್ರೌಟನ್ 1797ರಲ್ಲಿ, ಕ್ರುಸೆನ್‌ಸ್ಟರ್ನ್ 1805ರಲ್ಲಿ ಬಂದು ವಾಪಸಾದರು. ಸಖಾಲಿನ್ ಪರ್ಯಾಯದ್ವೀಪವೆಂಬ ನಂಬಿಕೆ ಗಟ್ಟಿಯಾಯಿತು. ಮಣ್ಣಿನ ಮೇಲಿನ ಆ ನಕ್ಷೆ ಅಷ್ಟು ವರ್ಷ ಲೆಕ್ಕಕ್ಕೇ ಬರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ. ದ್ವೀಪದ ಹೆಸರೂ ಅಲ್ಲಿನವರದ್ದಲ್ಲ: ಚೀನಾದಲ್ಲಿದ್ದ ಜೆಸುಯಿಟ್ ಪಾದ್ರಿಗಳ ನಕ್ಷೆಯಲ್ಲಿ ಅಮೂರ್ ನದಿಯ ಮಂಚೂ ಹೆಸರು ಹತ್ತಿರದಲ್ಲಿತ್ತು, ಯುರೋಪಿನವರು ಅದನ್ನು ದ್ವೀಪಕ್ಕೆ ಅಂಟಿಸಿದರು.

ಕೊನೆಗೆ 1809ರಲ್ಲಿ ಜಪಾನಿನ ಮಮಿಯಾ ರಿನ್‌ಜೊ ಸ್ಥಳೀಯರಾದ ನಿವ್ಖ್ ಜನರ ದೋಣಿಯಲ್ಲಿ ಕೂತು ಆಚೆ ದಡ ಮುಟ್ಟಿದ. ಅವನ ನಕ್ಷೆಯನ್ನು ವೈದ್ಯ ಸೀಬೋಲ್ಡ್ ಯುರೋಪಿಗೆ ಪರಿಚಯಿಸಿ, ಆ ಕಿರಿದಾದ ನೀರಿಗೆ ಮಮಿಯಾನ ಹೆಸರನ್ನೇ ಹಾಕಿದ. ಇಲ್ಲಿ ಸಖಾಲಿನ್ ಕಡೆ ಮುಖಮಾಡಿ ನಿಂತಿರುವ ಪ್ರತಿಮೆ ಅವನದೇ.

ನಿನ್ನ ಶಾಲೆಯ ಮಕ್ಕಳಿಗೆ ಅಟ್ಲಾಸ್ ಬಿಡಿಸಿದಾಗ ಕ್ರಿಲೋನ್ ಎಲ್ಲಿದೆ ಎಂದು ಹುಡುಕಿಸು, ಆ ಮುದುಕನ ಬಗ್ಗೆಯೂ ಹೇಳು. ನಾಳೆ ರೈಲಿನಲ್ಲಿ ಅಸಾಹಿಕಾವಾಗೆ ಹೊರಡುತ್ತೇನೆ. ಅಪ್ಪ ಅಮ್ಮನಿಗೆ ನಮಸ್ಕಾರ.

ನಿನ್ನ ತಮ್ಮ