ಬ್ರಹ್ಮಕಮಲವೆಂಬ ಕಳ್ಳಿ

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದವನಿಗೆ ಸಂಬಳವು ನಿಂತರೂ ಪಾಠ ಹೇಳುವ ಚಪಲವು ನಿಲ್ಲುವುದಿಲ್ಲ. ಮನೆಯಲ್ಲಿ ಕೇಳುವವರು ಯಾರೂ ಇಲ್ಲದುದರಿಂದ 2018ರಿಂದ ಈಚೆಗೆ ನಾನು ಅಂಗಳದ ಹೂಗಿಡಗಳಿಗೆ ಗುರುವಾಗಿರುವೆನು. ದಾಸವಾಳ, ನಂದಿಬಟ್ಟಲು, ಕಣಗಿಲೆಗಳು ನನ್ನ ಶುಶ್ರೂಷೆಯನ್ನು ಹೇಗೋ ಸಹಿಸಿಕೊಂಡು ಬದುಕಿದುವು. ಒಂದು ಗಿಡವು ಮಾತ್ರ ಸಹಿಸಲಿಲ್ಲ. ಅದರ ವೃತ್ತಾಂತವನ್ನು ಇಲ್ಲಿ ಬರೆಯಹೊರಟಿರುವೆನು. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ನಮ್ಮ ಕಡೆ ಬ್ರಹ್ಮಕಮಲವೆಂದು ಕರೆಯುವ ಗಿಡವನ್ನು ವಾಚಕರಲ್ಲಿ ಅನೇಕರು ಬೆಳೆಸಿರಬಹುದು. ಬೆಳೆಸದವರೂ ನೆರೆಮನೆಯವರು ಕರೆಕಳುಹಿಸಿದಾಗ ರಾತ್ರಿ ಒಂಬತ್ತು ಗಂಟೆಗೆ ಹೋಗಿ, ಹೂವಿಗೆ ಕೈಮುಗಿದು, ಕಾಫಿ ಕುಡಿದು ಬಂದಿರುವರು. ಮೊಗ್ಗು ಎಲೆಯ ಅಂಚಿನ ಕಚ್ಚಿನಿಂದ ಹೊರಟು ಕೆಲವು ವಾರ ತಲೆ ತಗ್ಗಿಸಿಕೊಂಡಿರುವುದು. ಅರಳುವ ದಿನ ಸಮೀಪಿಸಿದಂತೆ ಹಂಸದ ಕೊರಳಿನಂತೆ ಮೇಲಕ್ಕೆ ಬಾಗುವುದು. ಕತ್ತಲಾದ ಮೇಲೆ ಬಿಚ್ಚಲಾರಂಭಿಸಿದ ದಳಗಳು ನಡುರಾತ್ರಿಯ ಹೊತ್ತಿಗೆ ಪೂರ್ಣವಾಗಿ ಅರಳಿ, ಬೆಳಗಿನ ಜಾವಕ್ಕೆ ಒದ್ದೆಬಟ್ಟೆಯಂತೆ ಜೋತುಬೀಳುವುವು. ಆ ಪರಿಮಳವನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಇದರ ಒಂದು ಎಲೆಯನ್ನು ನನ್ನ ಮನೆಯಾಕೆ ತೀರ್ಥಹಳ್ಳಿಯ ಕಡೆಯ ತನ್ನ ತವರಿನಿಂದ 1991ರಲ್ಲಿ ತಂದಳು. ಗಿಡವು ಜಗಲಿಯ ಸೂರಿನ ಕೆಳಗೆ ಬೆಳೆಯಿತು, ಹೂ ಬಿಟ್ಟಿತು. ಅದರ ಆರೈಕೆಯೆಲ್ಲವೂ ಆಕೆಯದು. ಅದರ ಮಾಹಾತ್ಮ್ಯವನ್ನು ಬಂದವರಿಗೆ ಹೇಳುವುದು ಮಾತ್ರ ನನ್ನದು.

ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಅಮರಕೋಶವನ್ನು ಕಂಠಸ್ಥ ಮಾಡಿದವನು ನಾನು. ಕಮಲದ ಪರ್ಯಾಯಪದಗಳು ಅದರ ವಾರಿವರ್ಗದಲ್ಲಿ ಬರುವುವು. 1996ರಲ್ಲಿ, ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತನಾಗಿದ್ದಾಗ, ಒಂದು ದಿನ ತರಗತಿಯಲ್ಲಿ ಆ ಪದಗಳನ್ನು ವಿವರಿಸುತ್ತ, ವಿಷ್ಣುವಿನ ನಾಭಿಯಿಂದ ಹೊರಟ ಕಮಲದಲ್ಲಿ ಬ್ರಹ್ಮನು ಕುಳಿತ ಕಥೆಯನ್ನು ಹೇಳಿ, “ಆ ಪುಷ್ಪವೇ ನಮ್ಮ ಜಗಲಿಯಲ್ಲಿದೆ” ಎಂದು ಸೇರಿಸಿದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಅದು ಕಮಲ ಅಲ್ವಂತೆ. ಪಾಪಾಸುಕಳ್ಳಿ ಜಾತಿಯಂತೆ, ಅಮೆರಿಕದ್ದಂತೆ. ಪುಸ್ತಕದಲ್ಲಿ ಓದಿದೆ” ಎಂದನು.

ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಈಗ ನೆನೆದರೆ ಅದು ಸ್ಪಷ್ಟವಾಗಿ ತಿಳಿಯುವುದು. ಆಗ ನನಗೆ ಕಂಡದ್ದು ನಲವತ್ತು ಹುಡುಗರ ಮುಖಗಳು ಮಾತ್ರ. “ಕಳ್ಳಿ ಬೆಳೆದಿರುವುದು ನಿನ್ನ ತಲೆಯಲ್ಲಿ, ಕೂತುಕೋ” ಎಂದೆನು. ತರಗತಿಯೆಲ್ಲಾ ನಕ್ಕಿತು. ಅಂದಿನಿಂದ ಹುಡುಗರು ಅವನನ್ನು ‘ಕಳ್ಳಿ’ ಎಂದೇ ಕರೆಯಲಾರಂಭಿಸಿದರು. ಶಾಲೆ ಬಿಡುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ. ನನ್ನ ಕಿವಿಗೆ ಅದು ಬೀಳುತ್ತಿತ್ತು, ನಿಲ್ಲಿಸಬಹುದಾಗಿತ್ತು, ನಿಲ್ಲಿಸಲಿಲ್ಲ. ಆಮೇಲೆ ಅವನು ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

2019ರ ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆಂದು ಮನೆಯಾಕೆ ಬೆಂಗಳೂರಿಗೆ ಹೋದಳು. ಮೂರು ತಿಂಗಳು ಗಿಡವು ನನ್ನ ಪಾಲಿಗೆ ಬಂದಿತು. ಪಂಕೇರುಹ, ಸರಸಿರುಹ ಎಂದು ಬಾಯಿಪಾಠ ಮಾಡಿದವನಿಗೆ ಬೇರೇನು ತೋಚೀತು? ಕಮಲವೆಂದ ಮೇಲೆ ನೀರು ಬೇಕು. ದಿನಕ್ಕೆ ಎರಡು ಚೊಂಬು ನೀರೆರೆದೆನು. ಕುಂಡದ ಕೆಳಗೆ ತಟ್ಟೆಯಿಟ್ಟು ಅದರಲ್ಲಿಯೂ ನೀರು ನಿಲ್ಲಿಸಿದೆನು. ಸಾಲದುದಕ್ಕೆ ಮಳೆನೀರು ಶ್ರೇಷ್ಠವೆಂದು ಕುಂಡವನ್ನು ಸೂರಿನಿಂದ ಹೊರಕ್ಕೆ ಸರಿಸಿದೆನು. ನಮ್ಮ ಮಲೆನಾಡಿನ ಮಳೆ! ಎಲೆಗಳು ಹಳದಿಗೆ ತಿರುಗಿದುವು. ನೀರು ಸಾಲದೆಂದು ಇನ್ನೊಂದು ಚೊಂಬು ಎರೆದೆನು. ಬುಡವು ಕಪ್ಪಾಗಿ, ಮುಟ್ಟಿದರೆ ಬೆರಳು ಒಳಗಿಳಿಯುವಂತೆ ಕೊಳೆಯಿತು.

ಆ ಸಂಜೆ ಜಗಲಿಯಲ್ಲಿ ಕುಳಿತಿರುವಾಗ ಹಿಂದಿನ ಬೆಂಚಿನ ಹುಡುಗನ ಮಾತು ನೆನಪಾಯಿತು. ಮೊಮ್ಮಗುವಿನ ಮುಖ ನೋಡಲೆಂದು ಅಳಿಯನು ಕೊಡಿಸಿದ್ದ ಫೋನಿನಲ್ಲಿ ಮೊದಲ ಬಾರಿಗೆ ಗಿಡದ ವಿಷಯವನ್ನು ಹುಡುಕಿದೆನು. ಹುಡುಗನು ಹೇಳಿದುದು ಅಕ್ಷರಶಃ ನಿಜ. ಸಸ್ಯಶಾಸ್ತ್ರಜ್ಞರು ಇದನ್ನು ಎಪಿಫಿಲಮ್ ಆಕ್ಸಿಪೆಟಾಲಮ್ ಎಂದು ಕರೆಯುವರು. ಇದು ಪಾಪಾಸುಕಳ್ಳಿಯ ಕುಟುಂಬದ್ದೇ. ತವರು ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳು. ನಾವು ಎಲೆಯೆನ್ನುವುದು ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದ್ದರೂ, ಸಮುದ್ರದಾಚೆಯ ಈ ಗಿಡವನ್ನು ಆ ಮಹನೀಯನು ಕಂಡಿರುವುದು ಶಕ್ಯವಿಲ್ಲ. ಬ್ರಹ್ಮಕಮಲವೆಂದು ಕೇದಾರ ಬದರಿಗಳಲ್ಲಿ ದೇವರಿಗೆ ಏರಿಸುವ ಹೂವೇ ಬೇರೆ. ಅದು ಹಿಮಾಲಯದ ಎತ್ತರದಲ್ಲಿ ಬೆಳೆಯುವುದು, ಉತ್ತರಾಖಂಡದ ರಾಜ್ಯಪುಷ್ಪ. ಅದಾದರೂ ತಾವರೆಯೇ ಎಂದರೆ, ಅಲ್ಲ. ಸೂರ್ಯಕಾಂತಿ ಸೇವಂತಿಗೆಗಳ ಬಳಗ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಅಲ್ಲಿತ್ತು. ಈ ಕಳ್ಳಿಯು ಮರುಭೂಮಿಯದಲ್ಲ. ಕಾಡಿನ ಮರಗಳ ಕವಲುಗಳಲ್ಲಿ, ಕೊಳೆತ ದರಗು ಹಿಡಿದುಕೊಂಡಿರುವಲ್ಲಿ ಬೇರೂರುವುದು. ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ, ಆಶ್ರಯವನ್ನಷ್ಟೇ ಬೇಡುವುದು. ಮಳೆ ಬಂದಾಗ ನೆನೆದು, ನಿಂತಾಗ ಒಣಗುವ ಬೇರು ಅದು. ಅದನ್ನು ನಾನು ಕೆಸರಿನಲ್ಲಿ ಹೂತಿದ್ದೆನು.

ಕೊಳೆಯದೆ ಉಳಿದಿದ್ದ ನಾಲ್ಕು ತುದಿಗಳನ್ನು ಕತ್ತರಿಸಿ, ನೆರಳಿನಲ್ಲಿ ಒಂದು ವಾರ ಇಟ್ಟೆನು. ಕೊಯ್ದ ಬಾಯಿ ಒಣಗಿ ಪೊರೆಗಟ್ಟಿದ ಮೇಲೆಯೇ ನೆಡಬೇಕು; ಹಸಿಯಾಗಿ ನೆಟ್ಟರೆ ಪುನಃ ಕೊಳೆಯುವುದು. ಕುಂಡಕ್ಕೆ ಹೆಂಚಿನ ಚೂರು, ತೆಂಗಿನ ನಾರು, ಎಲೆಗೊಬ್ಬರ, ಸ್ವಲ್ಪ ಮರಳು. ಮೇಲಿನ ಮಣ್ಣು ಒಣಗಿದುದನ್ನು ಬೆರಳಿಟ್ಟು ನೋಡದೆ ನೀರೆರೆಯಲಿಲ್ಲ.

ಮನೆಯಾಕೆ ಹಿಂದಿರುಗಿ ಬಂದಾಗ ಇಪ್ಪತ್ತೆಂಟು ವರ್ಷದ ಗಿಡವಿದ್ದ ಜಾಗದಲ್ಲಿ ಗೇಣುದ್ದದ ನಾಲ್ಕು ತುಂಡುಗಳಿದ್ದುವು. ಬಹಳ ಹೊತ್ತು ಮಾತನಾಡಲಿಲ್ಲ. ನಾನು ನನ್ನ ಹೊಸ ಪಾಂಡಿತ್ಯವನ್ನೆಲ್ಲಾ ಒಪ್ಪಿಸಿ, ಇದು ಕಳ್ಳಿ, ಮರದ ಮೇಲೆ ಬೆಳೆಯುವಂಥದು ಎಂದೆನು. “ಅದು ನನಗೆ ಗೊತ್ತಿರಲಿಲ್ವಾ?” ಎಂದಳು. “ಕಳ್ಳಿ ಅಂತ ಗೊತ್ತಿರಲಿಲ್ಲ. ಆದರೆ ನಮ್ಮಮ್ಮ ಇದನ್ನ ಸೀತಾಳೆ ಜೊತೆಗೇ ತೂಗುಹಾಕ್ತಿದ್ದರು. ಸೀತಾಳೆಗೆ ಯಾರಾದರೂ ತಟ್ಟೇಲಿ ನೀರು ಇಡ್ತಾರಾ? ನೀವು ಒಂದು ಮಾತು ಕೇಳಬಹುದಿತ್ತು.”

ಮಲೆನಾಡಿನ ಮರಗಳ ಮೇಲೆ ಮಳೆಗಾಲದ ಆರಂಭದಲ್ಲಿ ದಂಡೆದಂಡೆಯಾಗಿ ಹೂ ಬಿಡುವ ಸೀತಾಳೆಯನ್ನು ನಾನೂ ಬಾಲ್ಯದಿಂದ ಕಂಡವನೇ. ಇಪ್ಪತ್ತೆಂಟು ವರ್ಷ ಒಂದೇ ಜಗಲಿಯಲ್ಲಿ ಕುಳಿತಿದ್ದರೂ ಆಕೆಯನ್ನು ಒಂದು ಮಾತು ಕೇಳಿರಲಿಲ್ಲ. ಮುಳ್ಳುಗಿಡವು ಮನೆಯಲ್ಲಿರಬಾರದೆಂಬ ಶಾಸ್ತ್ರವನ್ನು ಆಕೆ ಈಗ ಎತ್ತುವಳೋ ಎಂದು ಅಂಜಿದೆನು. ಮುಳ್ಳಿಲ್ಲವಲ್ಲ ಎಂದಷ್ಟೇ ಹೇಳಿ ಕುಂಡವನ್ನು ಮೊದಲಿನ ಜಾಗಕ್ಕೆ ಇಟ್ಟಳು.

2022ರ ಆಷಾಢದಲ್ಲಿ ಮೊದಲ ಮೊಗ್ಗು ಬಂದಿತು. ಈ ಸಲ ಏಳು ಹೂಗಳಾದುವು. ಬೀದಿಯವರೆಲ್ಲರೂ ಬಂದಿದ್ದರು. ಆ ಹುಡುಗನ ತಾಯಿಯವರು ನಮ್ಮ ಊರಿನಲ್ಲಿಯೇ ಇರುವರೆಂದು ನನಗೆ ತಿಳಿದದ್ದು ಅಂದೇ. ಯಾರದೋ ಜೊತೆಯಲ್ಲಿ ಅವರೂ ಹೂ ನೋಡಲು ಬಂದಿದ್ದರು. ಮಗನು ದೂರದ ಊರಿನಲ್ಲಿ ಉದ್ಯೋಗದಲ್ಲಿರುವನಂತೆ, ಹಬ್ಬಕ್ಕೆ ಬರುವನಂತೆ. “ನಿಮ್ಮ ಶಿಷ್ಯನೇ, ಮೇಷ್ಟ್ರೇ” ಎಂದು ಅವರು ಅಭಿಮಾನದಿಂದ ಹೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಬಂದವರಲ್ಲೊಬ್ಬರು ಹೂವಿನ ಮಾಹಾತ್ಮ್ಯವನ್ನು ಹೇಳಬೇಕೆಂದು ಕೇಳಿದರು. ಇದು ಕಳ್ಳಿಯ ಜಾತಿಯದೆಂದೂ, ಅದನ್ನು ನನಗೆ ಮೊದಲು ಹೇಳಿದವನು ಈ ತಾಯಿಯ ಮಗನೆಂದೂ, ಹೇಳಿದುದಕ್ಕೆ ನಾನು ಅವನನ್ನು ಹೇಗೆ ನಡೆಸಿಕೊಂಡೆನೆಂಬುದನ್ನೂ ಎಲ್ಲರೆದುರಿಗೆ ಹೇಳಿದೆನು. ಆ ತಾಯಿ ಏನೂ ಅನ್ನಲಿಲ್ಲ. ಹೂವನ್ನು ನೋಡುತ್ತಿದ್ದರು.

ಮರುದಿನ ಒಂದು ಒಳ್ಳೆಯ ಎಲೆಯನ್ನು ಕತ್ತರಿಸಿ, ಕಾಗದದಲ್ಲಿ ಸುತ್ತಿ, ಮಗನು ಬಂದಾಗ ಕೊಡಬೇಕೆಂದು ಅವರ ಮನೆಗೆ ಮುಟ್ಟಿಸಿ ಬಂದೆನು. ಹೆಂಚಿನ ಚೂರು ಹಾಕಬೇಕು, ತಟ್ಟೆಯಲ್ಲಿ ನೀರು ನಿಲ್ಲಿಸಬಾರದು, ಕೊಯ್ದ ಗಾಯ ಪೂರ್ತಿಯಾಗಿ ಒಣಗುವವರೆಗೆ ನೆಡಬಾರದು ಎಂದು ಅದೇ ಕಾಗದದ ಒಳಮೈಯಲ್ಲಿ ಬರೆದಿರುವೆನು. ಕೆಳಗೆ ಇನ್ನೂ ಎರಡು ಸಾಲುಗಳಿವೆ. ಅವು ಅವನಿಗೆ ಮಾತ್ರ.