ಒಂದು ಮುಷ್ಟಿ ಬೀಜ ಕೇಳಾಕ ಬಂದ್ರ

ಈ ಸಲ ಬೆಳಿ ಬಗ್ಗೆ ಅಲ್ಲ, ಬೀಜದ ಕಾಗದಪತ್ರದ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ನಮ್ಮ ಮನ್ಯಾಗ ಅವ್ವನ ಕಾಲದಿಂದ ಬದನಿ ಬೀಜ ಬೂದಿ ಹಚ್ಚಿ ಇಟ್ಕೊಂಡು ಬಂದೀವಿ. ಹೋದ ತಿಂಗಳು ಇಬ್ಬರು ಹುಡುಗರು ಸಂಶೋಧನೆಗೆ ಅಂತ ಒಂದು ಮುಷ್ಟಿ ಕೇಳಿದ್ರು. "ಇದಕ್ಕ ರೊಕ್ಕ ಯಾರು ಹಾಕ್ಯಾರಪಾ?" ಅಂದೆ. ಅವರಿಗೂ ಗೊತ್ತಿರಲಿಲ್ಲ. ಕಾಗದ ತಗೊಂಡು ಬರ್ರಿ, ಕೊಡ್ತೀನಿ ಅಂತ ಚಹಾ ಕುಡಿಸಿ ಕಳಿಸಿದೆ. ಓಣಿ ಮಂದಿ "ಒಂದು ಮುಷ್ಟಿ ಬೀಜಕ್ಕ ಇಷ್ಟ್ಯಾಕೋ ಮಾರಾಯ?" ಅಂದ್ರು. ಯಾಕ ಅಂತ ಹೇಳ್ತೀನಿ.

2005ರಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ ಬದನೆಗಾಗಿ ಮಹಿಕೋ ಕಂಪನಿ ಜೋಡಿ ಒಪ್ಪಂದ ಮಾಡ್ಕೊಂತು. ಯೋಜನೆಗೆ ರೊಕ್ಕ ಅಮೆರಿಕ ಸರ್ಕಾರದ ಯುಎಸ್‌ಏಡ್‌ದು. ಆಗ ಮಹಿಕೋದಾಗ ಮೊನ್ಸಾಂಟೋ ಪಾಲು ಶೇ. 26 ಇತ್ತು. ಜೀನ್ ಕಂಪನಿದು, ತಳಿ ನಮ್ಮವು: ಮಾಲಾಪುರ, ಕುಡಚಿ, ರಬಕವಿ, ಉಡುಪಿ ಬದನಿ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶಿ ಪಾಲು ಇದ್ದ ಕಂಪನಿ ನಮ್ಮ ತಳಿ ಮುಟ್ಟೋ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೀಬೇಕಿತ್ತು. ಪಡೆದಿಲ್ಲ ಅಂತ 2010ರಾಗ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಡ್ತು. ಮರುವರ್ಷ ಪ್ರಾಧಿಕಾರ ಕಾನೂನು ಕ್ರಮಕ್ಕ ಮುಂದಾತು, ಕೇಸು ಕೋರ್ಟಿಗೆ ಹೋತು. 2023ರ ತಿದ್ದುಪಡಿಯಾಗ ಈ ಕಾಯ್ದೆಯ ಜೈಲು ಶಿಕ್ಷೆ ತೆಗೆದು ಬರೇ ದಂಡ ಉಳಿಸ್ಯಾರ. ಅಂದಮ್ಯಾಲೆ ನಮ್ಮ ಎಚ್ಚರ ನಮಗ ಇರಬೇಕು.

ವಿಶ್ವವಿದ್ಯಾಲಯ ನಮ್ಮ ವೈರಿ ಅಲ್ಲ. ಸೋಯಾ ಗಿಡಕ್ಕ ತುಕ್ಕು ರೋಗ ಬಂದಾಗ ಡಿಎಸ್‌ಬಿ-21 ಕೊಟ್ಟವರು ಧಾರವಾಡದವರೇ. ಆದ್ರ ರೊಕ್ಕ ಹಾಕಿದವರ ಹಕ್ಕು ಒಪ್ಪಂದದಾಗ ಸಾಲು ಸಾಲು ಬರೆದಿರತೈತಿ. ಬೀಜ ಕೊಟ್ಟವನ ಹೆಸರು ಯಾರು ಬರೀತಾರ?

ಅದಕ್ಕ ಮೂರು ಕೆಲಸ ಮಾಡ್ರಿ.

ಒಂದು: ರೊಕ್ಕ ಯಾರದು, ಹುಟ್ಟಿದ ತಳಿ ಯಾರ ಹೆಸರಿಗೆ ಹೋಗತೈತಿ ಅಂತ ಬರಹದಾಗ ಕೇಳ್ರಿ.

ಎರಡು: ಗ್ರಾಮ ಪಂಚಾಯ್ತಿ ಜೀವವೈವಿಧ್ಯ ಸಮಿತಿಯ ದಾಖಲಾತಿಯಾಗ ನಿಮ್ಮ ತಳಿ ಬರೆಸ್ರಿ. ನಮ್ಮ ಭಾಗದ ತಳಿ ಬಗ್ಗೆ ತೀರ್ಮಾನ ಮಾಡುವಾಗ ಪ್ರಾಧಿಕಾರ ಈ ಸಮಿತಿಯನ್ನ ಕೇಳಬೇಕು ಅಂತ ಕಾಯ್ದೆನೇ ಹೇಳತೈತಿ.

ಮೂರು: 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಾಗ ರೈತರ ತಳಿ ನೋಂದಣಿಗೆ ಶುಲ್ಕ ಇಲ್ಲ. ನಮ್ಮ ತಳಿಯಿಂದ ಬ್ಯಾರೆಯವರು ಹೊಸ ತಳಿ ಮಾಡಿ ನೋಂದಾಯಿಸಿದ್ರ ಲಾಭದಾಗ ಪಾಲು ಕೇಳಾಕ ಬರತೈತಿ.

ಬೀಜ ಕೊಡಬ್ಯಾಡ್ರಿ ಅನ್ನಾಂಗಿಲ್ಲ ನಾನು. ಕೇಳಿ ಕೊಡ್ರಿ, ಬರೆಸಿ ಕೊಡ್ರಿ. ನಮ್ಮ ಪಂಚಾಯ್ತ್ಯಾಗ ಆ ದಾಖಲಾತಿ ಪುಸ್ತಕ ತೋರಸ್ರಿ ಅಂತ ಸೋಮವಾರ ಅರ್ಜಿ ಕೊಡಾಂವ ಅದೀನಿ. ಜೋಡಿ ಬರೋರು ಬರ್ರಿ.